ಮಾಸ್ತರು ಮೆಚ್ಚದ ಸಿನಿಮಾ

ಟೆಂಟಿನಲ್ಲಿ ಆಟ ಬಿಟ್ಟ ಮೇಲೆ ಜನ ತಮ್ಮ ತಮ್ಮ ಮನೆಯ ದಾರಿ ಹಿಡಿಯುತ್ತಿದ್ದರು. ನಾವು ನಾಲ್ಕೈದು ಮಂದಿ ಮಾತ್ರ ಹೊರಗಿನ ಬೇವಿನ ಮರದ ಕೆಳಗೆ ನಿಂತು ಮಾಸ್ತರ ಮುಖ ನೋಡುತ್ತಿದ್ದೆವು. ನೋಡಿಬಂದ ಸಿನಿಮಾ ನಮಗೆ ಹಿಡಿಸಿತೋ ಇಲ್ಲವೋ ಎಂಬುದು ಅಲ್ಲಿಯವರೆಗೆ ನಮಗೇ ಗೊತ್ತಿರುತ್ತಿರಲಿಲ್ಲ. ಅವರು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು, ಕೋಟಿನ ಜೇಬಿನಿಂದ ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ ಕಣ್ಣು ಮುಚ್ಚುತ್ತಿದ್ದರು. ಕಣ್ಣು ತೆರೆದು "ಪರವಾಗಿಲ್ಲ" ಎಂದರೆ ಚಿತ್ರ ಗೆದ್ದಂತೆ. "ನಡೀರಿ, ಹಸಿವಾಗೇದ" ಎಂದರೆ ಅಲ್ಲಿಗೆ ಮುಗಿಯಿತು, ಅದರ ಹೆಸರನ್ನು ನಾವು ಮತ್ತೆ ಎತ್ತುತ್ತಿರಲಿಲ್ಲ. ನಾನು ಅವರ ಜೊತೆ ಸಿನಿಮಾ ನೋಡಿದ ವರ್ಷಗಳಲ್ಲಿ ಅವರಿಗೆ ಹಸಿವಾದದ್ದೇ ಹೆಚ್ಚು.

ಮಾಸ್ತರು ಹೋದ ತಿಂಗಳು ತೀರಿಕೊಂಡರು. ಹೊಸಪೇಟೆಯ ಹಳೆಯ ವಿದ್ಯಾರ್ಥಿಗಳು ಸೇರಿ ಅವರ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. ಅವರಲ್ಲೊಬ್ಬರು ಸಂಡೂರಿನವರೆಗೆ ಬಸ್ಸಿನಲ್ಲಿ ಬಂದು ನನ್ನ ಜಗುಲಿಯ ಮೇಲೆ ಕುಳಿತು, "ಸರ್, ನೀವು ಅವರಿಗೆ ಭಾಳ ಬೇಕಾದವರು. ನಾಲ್ಕು ಒಳ್ಳೆ ಮಾತು ಬರದುಕೊಡ್ರಿ" ಎಂದರು. ಮಾಸ್ತರ ಬಗ್ಗೆ ನಾಲ್ಕು ಒಳ್ಳೆಯ ಮಾತು ನನಗೆ ಕಷ್ಟವೇ ಅಲ್ಲ, ನಲವತ್ತು ಬೇಕಾದರೂ ಬರೆಯಬಲ್ಲೆ. ಆದರೆ ಅವುಗಳ ಹಿಂದೆಯೇ ಇನ್ನೊಂದು ಮಾತು ಬರುತ್ತದೆ, ಅದನ್ನು ಇವರು ಅಚ್ಚು ಹಾಕುವುದಿಲ್ಲ. ಬಂದವರಿಗೆ ಕಾಫಿ ಕೊಟ್ಟು, ನೋಡೋಣ ಎಂದು ಹೇಳಿ ಕಳಿಸಿದೆ. ಇದು ಆ ಪುಸ್ತಕಕ್ಕಲ್ಲ.

ಅವರು ಹೊಸಪೇಟೆಯ ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು. ಮುಚ್ಚುಕಾಲರಿನ ಕೋಟು, ಕಚ್ಚೆಪಂಚೆ, ತಲೆಗೆ ಜರಿಯಂಚಿನ ರುಮಾಲು. ಎತ್ತರದ ಆಳು. ತರಗತಿಯ ಬಾಗಿಲಲ್ಲಿ ಬಗ್ಗಿ ಒಳಗೆ ಬರುತ್ತಿದ್ದರು, ಬಗ್ಗುವಷ್ಟೇನೂ ಬಾಗಿಲು ಗಿಡ್ಡವಾಗಿರಲಿಲ್ಲ. ಹುಡುಗರ ಮೇಲೆ ಕೈ ಮಾಡಿದವರಲ್ಲ. ನಮ್ಮ ಪ್ರಬಂಧಗಳ ಅಂಚಿನಲ್ಲಿ ಕೆಂಪು ಮಸಿಯಿಂದ ಒಂದೇ ಒಂದು ಮಾತು ಬರೆಯುತ್ತಿದ್ದರು. ನಾನು ಒಮ್ಮೆ "ಹಂಪಿ ಅತ್ಯಂತ ರಮಣೀಯವಾದುದು" ಎಂದು ಬರೆದದ್ದಕ್ಕೆ ಪಕ್ಕದಲ್ಲಿ "ಯಾರಿಗೆ?" ಎಂದು ಬರೆದಿದ್ದರು. ನಾನು ಹೋಗಿ, "ಎಲ್ಲರಿಗೂರಿ" ಎಂದೆ. "ಎಲ್ಲರಿಗೆ ಅಂದ್ರ ಯಾರಿಗೂ ಅಲ್ಲ. ನಿನಗ ಏನನಿಸ್ತು, ಅದನ್ನ ಬರಕೊಂಡು ಬಾ" ಎಂದು ಹಾಳೆಯನ್ನು ಹಿಂದಕ್ಕೆ ಕೊಟ್ಟರು. ನನಗೆ ಏನೂ ಅನಿಸಿರಲಿಲ್ಲ. ಅನಿಸಬೇಕು ಎಂಬುದೇ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಅದೇ ವರ್ಷ ನಮ್ಮನ್ನು ಹಂಪಿಗೆ ಕರೆದುಕೊಂಡು ಹೋದರು. ಯಾರೋ ದೊಡ್ಡ ಅಧಿಕಾರಿಗಳು ಅಂದು ಮದ್ರಾಸಿನಿಂದ ಬಂದಿದ್ದರು, ಕಲ್ಲಿನ ರಥದ ಸುತ್ತ ಜನವೋ ಜನ. ಮಾಸ್ತರು ಅದಕ್ಕೆ ಬೆನ್ನು ಹಾಕಿ ನಮ್ಮನ್ನು ಬಿಸಿಲಲ್ಲಿ ಅಷ್ಟು ದೂರ ನಡೆಸಿಕೊಂಡು ಹೋಗಿ, ಬಯಲಲ್ಲಿ ಬಿದ್ದಿದ್ದ ಒಂದು ಕಲ್ಲಿನ ತಟ್ಟೆಯ ಮುಂದೆ ನಿಲ್ಲಿಸಿದರು. ಅನ್ನಕ್ಕೊಂದು ಗುಳಿ, ಪಲ್ಯಕ್ಕೊಂದು, ಸಾರಿಗೊಂದು. "ಇಲ್ಲೆ ಒಬ್ಬಾಂವ ಕೂತು ಉಂಡಾನ. ಅವನಿಗೆ ಹಸಿವಾಗಿತ್ತು. ಇದು ಖರೆ" ಎಂದರು. ಆಮೇಲೆ ರಥದ ಕಡೆ ಕೈ ತೋರಿಸಿ, "ಊರೆಲ್ಲ ಬಾಯಿ ತಗದು ನಿಂತಲ್ಲೆ ನೀವೂ ಬಾಯಿ ತಗದು ನಿಂತ್ರ, ದೇವರು ನಿಮಗ ಬ್ಯಾರೆ ಕಣ್ಣು ಯಾಕ ಕೊಡಬೇಕಿತ್ತು?" ಎಂದು ಕೇಳಿದರು. ಕಮಲಾಪುರದಿಂದ ದಿನಾ ನಡೆದು ಬರುತ್ತಿದ್ದ ಹುಡುಗ ನಾನು, ಹಂಪಿಯಲ್ಲೇ ಆಡಿ ಬೆಳೆದವನು. ಆ ತಟ್ಟೆಯನ್ನು ಅದಕ್ಕೆ ಮೊದಲು ಎಷ್ಟು ಸಲ ದಾಟಿದ್ದೆನೋ. ಅಂದು ಮನೆಗೆ ಹೋಗಿ ನಮ್ಮ ಮನೆಯ ತಾಟನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಅಮ್ಮ, "ಯಾಕೋ, ತೊಳದಿಲ್ಲೇನು?" ಎಂದಳು.

ಓದು ಮುಗಿದ ಮೇಲೆ ನಾನು ಶಿಕ್ಷಕರ ತರಬೇತಿಗೆಂದು ಬಳ್ಳಾರಿಗೆ ಹೋದೆ. ಆ ಹೊತ್ತಿಗೆ ಅಪ್ಪ ಇರಲಿಲ್ಲ. ಅಮ್ಮನಿಗೆ ಕಣ್ಣಿನಲ್ಲಿ ಪೊರೆ ಬೆಳೆದು ಏನೂ ಕಾಣಿಸುತ್ತಿರಲಿಲ್ಲ. ಮನೆಯಲ್ಲಿ ತಂಗಿಯೊಬ್ಬಳೇ. ನಾನು ರಜೆಗೆ ಬಂದಾಗ ಅಮ್ಮ ಸಂಜೆಯಾದೊಡನೆ ಬಾಗಿಲ ಕಡೆ ಮುಖ ಮಾಡಿ, "ದೀಪ ಹಚ್ಚಿದೇನಪ್ಪಾ?" ಎಂದು ಕೇಳುತ್ತಿದ್ದಳು. ಹಚ್ಚಿದರೂ ಹಚ್ಚದಿದ್ದರೂ ಅವಳಿಗೆ ಕತ್ತಲೆಯೇ, ಆದರೂ ಕೇಳಬೇಕು. ಅವಳು ಹೋದಾಗ ನಾನು ಪರೀಕ್ಷೆಯಲ್ಲಿದ್ದೆ. ಬಂದಾಗ ಎಲ್ಲ ಮುಗಿದಿತ್ತು. ಆಮೇಲೆ ಕರ್ಮಾಂತರ, ತಂಗಿಯ ಮದುವೆ, ಅದು ಇದು ಎಂದು ಅಳುವುದಕ್ಕೆ ಹೊತ್ತೇ ಸಿಗಲಿಲ್ಲ. ಕೊನೆಕೊನೆಗೆ, ಅಳು ಬರಲಿಲ್ಲವಲ್ಲ ಎಂದು ನನಗೇ ನನ್ನ ಮೇಲೆ ಹೇಸಿಗೆ ಹುಟ್ಟಿತ್ತು.

ಆ ದಿನಗಳಲ್ಲಿ ಮಾಸ್ತರು ನಮ್ಮ ಮನೆಗೆ ಬಂದರು. ಅಮ್ಮ ಇದ್ದಾಗಲೂ ಬರುತ್ತಿದ್ದರು, ಅವಳ ಹತ್ತಿರ ಕುಳಿತು ಮಾತಾಡುತ್ತಿದ್ದರು. ಅಂದು ಜಗುಲಿಯ ಮೇಲೆ ಸುಮ್ಮನೆ ಕುಳಿತಿದ್ದು, ಎದ್ದು ಹೋಗುವಾಗ, "ನಾಳೆ ಸಾಲಿಗೆ ಬಾ. ಕೆಳಗಿನ ಕ್ಲಾಸಿಗೆ ಒಬ್ಬರು ಬೇಕಾಗ್ಯಾರ. ಸದ್ಯಕ್ಕೆ ಟೆಂಪರ್ವರಿ. ಮುಂದ ಖಾಯಂ ಮಾಡಿಸೋಣ" ಎಂದರು. ಹೀಗೆ ನಾನು ಅವರ ಪಕ್ಕದ ಕೋಣೆಯಲ್ಲಿ ಪಾಠ ಹೇಳುವವನಾದೆ. ಹೊಸಪೇಟೆಯಲ್ಲೇ ಒಂದು ಬಾಡಿಗೆ ಮನೆ ಹಿಡಿದೆ. ಒಮ್ಮೆ ನನಗೆ ವಿಷಮಜ್ವರ ಬಂದಾಗ ಅವರ ಮನೆಯಿಂದ ಗಂಜಿ ಬರುತ್ತಿತ್ತು, ತರುತ್ತಿದ್ದವರು ಅವರೇ. ಪಾತ್ರೆಯನ್ನು ಶಲ್ಯದಲ್ಲಿ ಮುಚ್ಚಿಕೊಂಡು ಬೀದಿಯಲ್ಲಿ ಬರುವಾಗ ಯಾರಾದರೂ ಏನದು ಎಂದು ಕೇಳಿದರೆ "ಪುಸ್ತಕ" ಎನ್ನುತ್ತಿದ್ದರಂತೆ. ಈ ಮಾತನ್ನು ಆ ನೆನಪಿನ ಪುಸ್ತಕದವರು ಖುಷಿಯಿಂದ ಹಾಕುತ್ತಾರೆ.

ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದ ಕಾಲ ಅದು. ಹೊಳೆಗೆ ಅಣೆಕಟ್ಟು ಕಟ್ಟುತ್ತಾರೆಂಬ ಮಾತು ಊರಲ್ಲಿ ಹಬ್ಬಿತ್ತು. ಊರಾಚೆಯ ಬಯಲಲ್ಲಿ ಸಿನಿಮಾ ಟೆಂಟು ಏಳುತ್ತಿತ್ತು, ಇಳಿಯುತ್ತಿತ್ತು. ಬರುತ್ತಿದ್ದುದೆಲ್ಲ ಹೆಚ್ಚಾಗಿ ತೆಲುಗು ಚಿತ್ರಗಳೇ, ನಮ್ಮ ಸೀಮೆಗೆ ತೆಲುಗು ಹೊಸದಲ್ಲ. ಮಾಸ್ತರು ಹಿಂದೆ ಕುರ್ಚಿಯಲ್ಲಿ ಕೂರುತ್ತಿದ್ದರು, ನಾವು ಮುಂದೆ ಬೆಂಚಿನ ಮೇಲೆ. ಮದ್ರಾಸಿನ ಪತ್ರಿಕೆಗಳು ಹಾಡಿ ಹೊಗಳಿದ ಚಿತ್ರವಾದಷ್ಟೂ ಅವರ ಹಸಿವು ಜೋರಾಗಿರುತ್ತಿತ್ತು. ಯುದ್ಧದ ಚಿತ್ರವೊಂದನ್ನು ಊರಿಗೆ ಊರೇ ಎರಡೆರಡು ಸಲ ನೋಡಿತ್ತು. ಮಾಸ್ತರು, "ಅರಸಗ ಬೆನ್ನು ಒರಗಿಸಲಿಕ್ಕೆ ಒಂದು ಕಂಬ ಕೊಟ್ಟಾರ. ಅವ ಒರಗಿದ್ರ ಕಂಬ ಅಲುಗಾಡ್ತದ. ಇಂಥಾ ಅರಮನಿ ಸಲುವಾಗಿ ಅಷ್ಟು ಮಂದಿ ಯಾಕ ಸಾಯಬೇಕು?" ಎಂದರು. ಇನ್ನೊಂದರಲ್ಲಿ ವಿರಹದಿಂದ ನಾಯಕ ಅಳುತ್ತ ಹಾಡಿದ್ದಕ್ಕೆ, "ದುಃಖದಾಗೂ ಶ್ರುತಿ ಬಿಟ್ಟಿಲ್ಲ ನೋಡು, ಶಾಣ್ಯಾ ಇದ್ದಾನ" ಎಂದರು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮರುದಿನ ಕಾಫಿ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಆ ಮಾತನ್ನೇ ನಮ್ಮದೆಂಬಂತೆ ಬೇರೆಯವರಿಗೆ ಹೇಳುತ್ತಿದ್ದೆವು. ಊರವರು ನಮಗೆ "ಹಸಿವಿನ ಮಂದಿ" ಎಂದು ಹೆಸರಿಟ್ಟಿದ್ದರು. ಅದು ನಮಗೆ ಬಿರುದು.

ಆಗ ಬಂದದ್ದು ಆ ಗಾಣಿಗನ ಚಿತ್ರ.

ಕತೆ ಇಷ್ಟೇ. ಒಬ್ಬ ಬಡ ಗಾಣಿಗ ತಾನು ತೆಗೆದ ಎಣ್ಣೆಯನ್ನೆಲ್ಲ ದೇವರ ನಂದಾದೀಪಕ್ಕೆ ಕೊಟ್ಟುಬಿಡುತ್ತಾನೆ. ಮನೆಯ ದೀಪಕ್ಕೆ ಎಣ್ಣೆ ಉಳಿಯುವುದಿಲ್ಲ. ಮನೆಯಲ್ಲಿರುವುದು ಕಣ್ಣು ಕಾಣದ ತಾಯಿ. ಅವಳು ಸಂಜೆ ಕೇಳುತ್ತಾಳೆ, "ದೀಪಂ ಪೆಟ್ಟಾವಾ ನಾಯನಾ?" ಅವನು ಕತ್ತಲಲ್ಲಿ ಕುಳಿತು "ಹಚ್ಚಿದೀನಮ್ಮ" ಎನ್ನುತ್ತಾನೆ. ಕೊನೆಗೆ ದೇವರೇ ಬಂದು ಆ ಮನೆಯಲ್ಲಿ ದೀಪ ಹಚ್ಚುತ್ತಾನೆ. ಮದ್ರಾಸು, ಬೆಜವಾಡ, ಬೆಂಗಳೂರು ಎಲ್ಲೆಲ್ಲೂ ಇದರದೇ ಮಾತು, ಇಂಥದು ಹಿಂದೆ ಬಂದಿಲ್ಲ ಮುಂದೆ ಬರುವುದಿಲ್ಲ ಎಂದು ಪತ್ರಿಕೆಯವರು ಬರೆದರು. ನಮ್ಮೂರಿನಲ್ಲಿ ಜನ ಟೆಂಟಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ದೇವರು ಕಾಣಿಸಿಕೊಂಡಾಗ ಹೆಂಗಸರ ಕಡೆಯಿಂದ ಯಾರಾದರೂ ಪರದೆಯ ಮುಂದೆ ಹೋಗಿ ಕರ್ಪೂರ ಹಚ್ಚುವುದು, ಪರದೆಗೆ ಬೆಂಕಿ ತಗುಲೀತೆಂದು ಟೆಂಟಿನವನು ಬಕೆಟ್ಟು ಹಿಡಿದು ಓಡಿಬರುವುದು ದಿನಾ ನಡೆಯುತ್ತಿತ್ತು.

ಆ ಮುದುಕಿ ಮೊದಲ ಸಲ ಕೇಳಿದಾಗ ನಾನು ಬೆಂಚಿನಿಂದ ಅರ್ಧ ಎದ್ದುಬಿಟ್ಟೆ. ಅವಳೂ ಬಾಗಿಲ ಕಡೆ ಮುಖ ಮಾಡಿಯೇ ಕೇಳಿದಳು. ಮಾತು ತೆಲುಗಿನದು, ದನಿ ನಮ್ಮಮ್ಮನದು. ಅಲ್ಲಿಂದ ಕೊನೆಯವರೆಗೆ ನಾನು ಅತ್ತೆ. ಬೆಂಚಿನ ಅಂಚನ್ನು ಹಿಡಿದುಕೊಂಡು, ಪಕ್ಕದವನಿಗೆ ಕೇಳಿಸೀತೆಂಬ ಪರಿವೆಯೂ ಇಲ್ಲದೆ ಅತ್ತೆ. ಅಮ್ಮ ಹೋದಮೇಲೆ ಮೊದಲ ಸಲ ಎದೆ ಹಗುರವಾಯಿತು. ಆಟ ಬಿಟ್ಟಾಗ ಮನೆಗೆ ಓಡಿಹೋಗಿ ಮಲಗಬೇಕು ಅನಿಸಿತ್ತು, ಹಾಗೆ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ರೂಢಿ ಎಳೆಯಿತು. ಮುಖ ಒರೆಸಿಕೊಂಡು ಬೇವಿನ ಮರದ ಕೆಳಗೆ ಹೋಗಿ ನಿಂತೆ.

ಮಾಸ್ತರು ಬರುವುದು ಅಂದು ತಡವಾಯಿತು. ಬಂದವರು ಶಲ್ಯ ಕೊಡವಿದರು, ನಶ್ಯ ಏರಿಸಿದರು, ಕಣ್ಣು ಮುಚ್ಚಿದರು. ನಾನು ಆ ಒಂದು ಸಲ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಕಣ್ಣು ತೆರೆದು ಅವರು ಹೇಳಿದರು:

"ಗಾಣಿಗರ ಮನಿ ಮುದುಕಿ. ಹುಟ್ಟಿದಾಗಿಂದ ಎಣ್ಣಿ ವಾಸನಿಯೊಳಗ ಬೆಳದಾಕಿ. ಕಣ್ಣು ಹೋದವರಿಗೆ ಮೂಗು ಚುರುಕು ಇರ್ತದ. ದೀಪ ಹತ್ತೇದೋ ಇಲ್ಲೋ ಆಕಿಗೆ ವಾಸನಿಯಿಂದ ಗೊತ್ತಾಗಂಗಿಲ್ಲೇನು? ಮೂರು ತಾಸು ಮಂದೀನ ಅಳಿಸ್ಯಾರ, ಒಬ್ಬರರೆ ಮುದುಕಿ ಮೂಗಿನ ವಿಚಾರ ಮಾಡ್ಯಾರೇನು? ನಡೀರಿ, ಹಸಿವಾಗೇದ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಅಷ್ಟು ಖಡಕ್ಕಾಗಿತ್ತು. ಹೌದಲ್ಲ, ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲವಲ್ಲ, ಯಾರೋ ಕಟ್ಟಿದ ಸುಳ್ಳಿಗೆ ಬೆಂಚು ಹಿಡಿದುಕೊಂಡು ಅತ್ತೆನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆ ರಾತ್ರಿಯಿಡೀ ಬೆಳೆದು ಬೆಳಗಿನ ಹೊತ್ತಿಗೆ ಸಿಟ್ಟಾಯಿತು. ಮರುದಿನ ಶಾಲೆಯಲ್ಲಿ ಮಾಸ್ತರಿಗೆ, "ಇದರ ಬಗ್ಗೆ ಬರೀಬೇಕು ಅನಿಸ್ತದರಿ" ಎಂದೆ. ಅವರು ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ, "ಬರಿ. ಊರು ಬಯ್ತದ. ಬಯ್ಯಲಿ. ನಾ ನಿನ್ನ ಹಿಂದ ಇದ್ದೀನಿ" ಎಂದರು. ಬರೆದದ್ದನ್ನು ಅವರಿಗೇ ಮೊದಲು ತೋರಿಸಿದೆ. ಎರಡು ಕಡೆ ವಾಕ್ಯ ತಿದ್ದಿದರು. ಮುದುಕಿಯ ಮೂಗಿನ ಮಾತು ಎಲ್ಲಕ್ಕಿಂತ ಮುಂದೆ ಬರಬೇಕೆಂದು ಹೇಳಿದವರೂ ಅವರೇ.

ಬಳ್ಳಾರಿಯ ಒಂದು ವಾರಪತ್ರಿಕೆಯಲ್ಲಿ ಅದು ನನ್ನ ಹೆಸರಿನಲ್ಲಿ ಬಂತು. ಊರು ಬೈಯಿತು. ಅದಕ್ಕೆ ನಾನು ತಯಾರಾಗಿಯೇ ಇದ್ದೆ. ಹೋಟೆಲಿನಲ್ಲಿ ನಾನು ಕುಳಿತ ಬೆಂಚಿನಿಂದ ಒಬ್ಬರು ಎದ್ದುಹೋದರು. ಕಮಲಾಪುರದ ನಮ್ಮ ಬಳಗದ ಹಿರಿಯರೊಬ್ಬರು, "ದೇವರ ಸಿನಿಮಾಕ್ಕ ಹಿಂಗ ಬರೀತಾರೇನು? ವೈಷ್ಣವರ ಮನಿಯಾಗ ಹುಟ್ಟಿ?" ಎಂದು ಬೀದಿಯಲ್ಲೇ ನಿಲ್ಲಿಸಿ ಕೇಳಿದರು. ನನಗೆ ಒಳಗೊಳಗೆ ಹೆಮ್ಮೆ. ಬೇರೆ ಕಣ್ಣು ಇರುವವನಿಗೆ ಇದೆಲ್ಲ ತಪ್ಪಿದ್ದಲ್ಲ ಅಂದುಕೊಂಡೆ. ಹಿಂದೆ ಮಾಸ್ತರಿದ್ದಾರಲ್ಲ.

ಅಷ್ಟರಲ್ಲಿ ಗಾಣಿಗನ ಪಾತ್ರ ಮಾಡಿದ ನಟ ಹಂಪಿ ನೋಡಲು ಬರುತ್ತಾನೆಂದು ಸುದ್ದಿಯಾಯಿತು. ಹೊಸಪೇಟೆಯಲ್ಲಿ ಅವನಿಗೊಂದು ಸನ್ಮಾನ ಇಟ್ಟರು, ನಮ್ಮ ಶಾಲೆಯ ಅಂಗಳದಲ್ಲೇ. ಮುಂದೆ ನಿಂತು ನಡೆಸಿದವರು ಶಾಲಾ ಸಮಿತಿಯ ಅಧ್ಯಕ್ಷರು. ಕಬ್ಬು, ಬಾಳೆ ತೋಟಗಳ ಸಾಹುಕಾರರು, ಒಳ್ಳೆಯ ಮನುಷ್ಯರು, ಆ ಸಿನಿಮಾವನ್ನು ಮನೆಮಂದಿಯೆಲ್ಲ ಕರೆದುಕೊಂಡು ಹೋಗಿ ನೋಡಿದ್ದರು. ಸಭೆಯಲ್ಲಿ ಮಾತಾಡಲು ಊರಿನಲ್ಲಿ ಸಿನಿಮಾ ತಿಳಿದವರೆಂದು ಮಾಸ್ತರನ್ನೇ ಕರೆದರು. ಅವರು ಒಪ್ಪಿಕೊಂಡರೆಂದು ಕೇಳಿ ನಾವು ಹಸಿವಿನ ಮಂದಿ ಹಿರಿಹಿರಿ ಹಿಗ್ಗಿದೆವು. ಇವತ್ತು ನಟನ ಮುಖಕ್ಕೆ ನೇರವಾಗಿ ಹೇಳುತ್ತಾರೆ ಎಂದು ಮುಂದಿನ ಸಾಲಿನಲ್ಲೇ ಹೋಗಿ ಕುಳಿತೆವು.

ಮಾಸ್ತರು ಎದ್ದು ನಿಂತರು. ನಟನಿಗೆ ಮಾಲೆ ಹಾಕಿದರು. ಆಮೇಲೆ, ತಾವು ಬಹಳ ಚಿತ್ರ ನೋಡಿದ್ದಾಗಿಯೂ ಯಾವುದೂ ತಮ್ಮ ಕಣ್ಣಲ್ಲಿ ನೀರು ತರಿಸಿರಲಿಲ್ಲವೆಂದೂ, ಇದೊಂದು ತರಿಸಿತೆಂದೂ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ನಮ್ಮಲ್ಲೊಬ್ಬ ನನ್ನ ತೊಡೆ ಚಿವುಟಿ, ಇನ್ನು ತಿರುಗಿಸುತ್ತಾರೆ ನೋಡು ಎಂದ. ಮಾಸ್ತರು ತಿರುಗಿಸಿದರು. "ನಮ್ಮ ಸಾಲಿ ತರುಣರೊಬ್ಬರು ಈ ಚಿತ್ರದ ಬಗ್ಗೆ ಏನೋ ಬರದಾರಂತ ನಿಮಗೆಲ್ಲ ನೋವಾಗೇದ. ಬಿಸಿರಕ್ತ. ಕಣ್ಣು ಇನ್ನೂ ಬಲಿತಿಲ್ಲ. ಅವರ ಪರವಾಗಿ ನಾನು ಕ್ಷಮಾ ಕೇಳ್ತೀನಿ" ಎಂದು ನಟನಿಗೂ ಸಭೆಗೂ ಕೈ ಮುಗಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಮಾಸ್ತರೊಬ್ಬರು ಮಾತ್ರ ತಿರುಗಲಿಲ್ಲ. ನಟ ಪಾಪ, ಎದ್ದು ನನಗೂ ನಮಸ್ಕಾರ ಮಾಡಿದ.

ಆ ವರ್ಷದ ಕೊನೆಗೆ ನನ್ನ ಕೆಲಸ ಖಾಯಂ ಆಗಬೇಕಿತ್ತು. ಅಧ್ಯಕ್ಷರು ನನ್ನನ್ನು ಮನೆಗೆ ಕರೆಸಿ, ಬಾಳೆಹಣ್ಣು ಮುಂದಿಟ್ಟು, ಮೆತ್ತಗೆ ಹೇಳಿದರು: "ನೀವು ಚಲೋ ಕಲಸ್ತೀರಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಒಬ್ಬ ತಾಯಿ ದುಃಖ ನೋಡಿ ನಕ್ಕಾಂವನ ಕೈಯಾಗ ಹುಡುಗರನ್ನ ಹೆಂಗ ಕೊಡೂದ್ರಿ? ನಿಮ್ಮ ಮಾಸ್ತರ್ರೂ ಸುಮ್ಮನ ಅದಾರ." ನಾನು ಆ ತಾಯಿಯ ದುಃಖಕ್ಕೆ ಹೇಗೆ ಅತ್ತಿದ್ದೆನೆಂದು ಅವರಿಗೆ ಯಾವ ಬಾಯಿಂದ ಹೇಳಲಿ? ನನ್ನ ಹೆಸರಿನಲ್ಲಿ ಅಚ್ಚಾದದ್ದು ನಗುವೇ. ಹಣ್ಣು ತೆಗೆದುಕೊಂಡು ಎದ್ದು ಬಂದೆ. ಮಾಸ್ತರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲಿಗೆ ಬಂದು, "ಪೂಜಿಗೆ ಕೂತಾರಪ್ಪಾ" ಎಂದರು. ಮರುದಿನ ಹೋದಾಗಲೂ ಪೂಜೆಗೇ ಕುಳಿತಿದ್ದರು. ಅವರು ಪೂಜೆ ಮಾಡಿದ್ದನ್ನು ನಾನಂತೂ ಅದಕ್ಕೆ ಮೊದಲು ಕಂಡಿರಲಿಲ್ಲ.

ಪಾಠ ಹೇಳುವ ಕೆಲಸ ನನಗೆ ಅಲ್ಲಿಗೆ ತಪ್ಪಿತು. ಸಂಡೂರು ಇಂಗ್ಲಿಷರ ಸೀಮೆಯಲ್ಲ, ರಾಜರ ಸೀಮೆ, ಹೊಸಪೇಟೆಯ ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ. ಅಲ್ಲಿನ ಗಣಿಯ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಮ್ಯಾಂಗನೀಸಿನ ಕಪ್ಪು ದೂಳು ಕಾಗದದ ಮೇಲೆ ಕೂರುತ್ತಿತ್ತು, ಊದಿ ಬರೆಯುವುದು, ಬರೆದು ಊದುವುದು. ಮಾಸ್ತರ ಮೇಲೆ ಸಿಟ್ಟಿತ್ತು, ಆದರೆ ಆ ಸಿಟ್ಟಿನೊಳಗೆ ಒಂದು ಸಮಾಧಾನವೂ ಇತ್ತು. ಅವರು ಹೆದರಿದರು. ಹೆಂಡತಿ ಮಕ್ಕಳಿರುವವರು, ಪಿಂಚಣಿಗೆ ಹತ್ತಿರ ಬಂದವರು, ಸಾಹುಕಾರರ ಎದುರು ಸುಳ್ಳು ಹೇಳಿದರು. ಆದರೆ ಮರದ ಕೆಳಗೆ ಹೇಳಿದ್ದು ನಿಜ. ನನ್ನ ಕೆಲಸ ಹೋದದ್ದು ಒಂದು ನಿಜದ ಸಲುವಾಗಿ ಎಂದು ನಂಬಿಕೊಂಡು ದೂಳು ಊದುತ್ತಿದ್ದೆ. ಹಾಗೆ ನಂಬಿದ್ದರಿಂದ ಆ ಒಂದು ವರ್ಷ ಕಳೆಯಿತು.

ಕಂಪ್ಲಿಗೆ ಕೊಟ್ಟಿದ್ದ ತಂಗಿಯ ಮನೆಗೆ ಹೋದದ್ದು ಮರುವರ್ಷ, ಕಬ್ಬು ಅರೆಯುವ ದಿನಗಳಲ್ಲಿ. ಹೋದ ದಿನವೇ ಸಂಜೆ ಹೊಳೆಯ ಕಡೆ ತಿರುಗಾಡಿ ಬರುತ್ತಿದ್ದೆ. ದಾರಿಯಲ್ಲಿ ಸಿನಿಮಾ ಟೆಂಟು. ಒಳಗಿನಿಂದ ಆ ಮುದುಕಿಯ ದನಿ ಕೇಳಿಸಿತು. ಅದೇ ಚಿತ್ರ, ಊರೂರು ಸುತ್ತಿ ಕಂಪ್ಲಿಗೆ ಬಂದಿತ್ತು. ಸೆಕೆಗೆಂದು ಟೆಂಟಿನ ಬಟ್ಟೆಯನ್ನು ಒಂದು ಕಡೆ ಮೇಲೆತ್ತಿ ಕಟ್ಟಿದ್ದರು. ಬಗ್ಗಿ ನೋಡಿದೆ. ನೆಲದ ಜಾಗದಲ್ಲಿ, ಮರಳಿನ ಮೇಲೆ, ಹೊಲಗೆಲಸದ ಮಂದಿಯ ನಡುವೆ ಮಾಸ್ತರು ಕುಳಿತಿದ್ದರು. ರುಮಾಲು ತೊಡೆಯ ಮೇಲಿತ್ತು. ಪರದೆಯ ಬೆಳಕು ಅವರ ಮುಖದ ಮೇಲೆ ಬೀಳುತ್ತಿತ್ತು. ಮುದುಕಿ ದೀಪ ಹಚ್ಚಿದೆಯಾ ಎಂದು ಕೇಳುತ್ತಿದ್ದಳು, ಮಾಸ್ತರು ಸಣ್ಣ ಮಕ್ಕಳ ಹಾಗೆ ಬಾಯಿ ತೆರೆದು ಅಳುತ್ತಿದ್ದರು.

ಆಟ ಬಿಡುವವರೆಗೆ ಚಪ್ಪಲಿಗಳ ಹತ್ತಿರ ನಿಂತಿದ್ದೆ. ಅವರು ಬಂದು ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಹುಡುಕುವಾಗ, "ಮಾಸ್ತರೇ" ಎಂದೆ. ತಲೆಯೆತ್ತಿದರು. ಕಣ್ಣು ಕೆಂಪಾಗಿದ್ದವು. ಸ್ವಲ್ಪ ಹೊತ್ತು ಗುರುತು ಸಿಗದವರಂತೆ ನೋಡಿ, "ಕಂಪ್ಲಿಗೆ ಯಾವಾಗ ಬಂದಿ?" ಎಂದರು.

"ತಂಗಿ ಮನಿಗೆ ಬಂದೀನ್ರಿ. ನೀವು?"

"ಇದನ್ನ ನೋಡ್ಲಿಕ್ಕೆ. ಗಂಗಾವತಿಗೆ ಬಂದಾಗ ಅಲ್ಲಿಗೂ ಹೋಗಿದ್ದೆ."

"ಹಂಗಾದ್ರ ಆವತ್ತು ಸಭಾದಾಗ ಅಂದದ್ದು?"

"ಖರೇನ ಅಂದೆ." ಅವರ ದನಿಯಲ್ಲಿ ಅಳುಕು ಇರಲಿಲ್ಲ, ದಣಿವಿತ್ತು. "ಮೊದಲನೇ ದಿನಾನೂ ಅತ್ತೀನಿ. ಕುರ್ಚಿಯಾಗ ಕೂತು, ಬಾಯಾಗ ಶಲ್ಯ ತುರುಕಿಕೊಂಡು ಅತ್ತೀನಿ. ಹೊರಗ ಬಂದ್ರ ನೀವೆಲ್ಲ ಮರದ ಕೆಳಗ ನನ್ನ ಮುಖ ನೋಡ್ಕೋತ ನಿಂತಿದ್ರಿ. ಏನಂತ ಹೇಳ್ಲಿ?"

"ಚಲೋ ಅದ ಅನ್ನಬಹುದಾಗಿತ್ತಲ್ರಿ."

"ಅನ್ನಬಹುದಾಗಿತ್ತು. ಅಂಥಾ ಮಾಸ್ತರು ನಿಮಗ ಬೇಕಾಗಿರಲಿಲ್ಲ."

"ಮತ್ತ ಆ ಎಣ್ಣಿ ವಾಸನಿ ಮಾತು?" ಎಂದು ಕೇಳಿದೆ.

"ಬಾಯಿಗೆ ಬಂತು, ಅಂದೆ." ಇನ್ನೊಂದು ಚಪ್ಪಲಿ ಸಿಕ್ಕಿತು. ಅದನ್ನು ಕಾಲಿಗೆ ಹಾಕಿಕೊಂಡು, ಹೋಗುವ ಮೊದಲು ತುಸು ನಿಂತು, "ಮಾತು ಚಲೋ ಇತ್ತು, ಅಲ್ಲ?" ಎಂದರು.

ಕ್ಷಮಾ ಕೇಳುತ್ತಾರೇನೋ ಎಂದು ಕಾದಿದ್ದೆ. ಅವರು ಕೇಳಿದ್ದು ಇದನ್ನು. ನಮ್ಮಮ್ಮನನ್ನು ಕಂಡವರು ಅವರು, ಕಣ್ಣು ಹೋದವಳ ಪಕ್ಕದಲ್ಲಿ ಕುಳಿತು ಮಾತಾಡಿದವರು. ನನಗೆ ಆ ಚಿತ್ರ ಏನೆಂಬುದು ಊರಿನಲ್ಲಿ ಯಾರಿಗಾದರೂ ಹೊಳೆಯಬೇಕಿದ್ದರೆ ಅವರಿಗೇ ಹೊಳೆಯಬೇಕಿತ್ತು. ಇದನ್ನೆಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ನದಿಯ ಕಡೆಯ ಓಣಿಗೆ ತಿರುಗಿ ಹೋಗಿಬಿಟ್ಟರು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಹೆದರಿ ಸುಳ್ಳು ಹೇಳಿದ ಮಾಸ್ತರನ್ನು ನಾನು ಎಂದೋ ಕ್ಷಮಿಸಿಬಿಡುತ್ತಿದ್ದೆ. ಅವರು ಹೆದರಿರಲಿಲ್ಲ. ಸಾಹುಕಾರರ ಎದುರು ನಿಜ ಹೇಳಿದ್ದರು, ನಮ್ಮ ಎದುರು, ಅವರನ್ನೇ ನಂಬಿ ನಿಂತಿದ್ದ ನಾಲ್ಕೈದು ಮಂದಿಯ ಎದುರು, ಸುಳ್ಳು ಹೇಳಿದ್ದರು. ಅಷ್ಟೂ ವರ್ಷ ಅವರಿಗೆ ಯಾವ ಯಾವ ಚಿತ್ರಕ್ಕೆ ನಿಜವಾಗಿ ಹಸಿವಾಗಿತ್ತೋ ದೇವರೇ ಬಲ್ಲ.

ಮರುದಿನ ಸಂಜೆ ತಂಗಿಗೆ, "ನಡಿ, ಸಿನಿಮಾಕ್ಕ ಹೋಗೋಣ" ಎಂದೆ. ಅವಳು ಹಿಗ್ಗಿ ತಲೆ ಬಾಚಿಕೊಂಡು ಬಂದಳು. ಅವಳನ್ನು ಹೆಂಗಸರ ಕಡೆ ಕಳಿಸಿ ನಾನು ನೆಲದ ಮೇಲೆ ಕುಳಿತೆ. ಅಳಬೇಕೆಂದೇ ಹೋಗಿದ್ದೆ. ಇನ್ನು ನಾಚಿಕೊಳ್ಳುವುದಕ್ಕೆ ಏನೂ ಕಾರಣವಿಲ್ಲ, ನಾಚಿಸಿದವರೇ ಅತ್ತದ್ದನ್ನು ಕಂಡಾಗಿದೆ. ಮುದುಕಿ ಬಾಗಿಲ ಕಡೆ ಮುಖ ಮಾಡಿದಳು. ಸುತ್ತಲಿನ ಜನ ಮೂಗು ಒರೆಸತೊಡಗಿದರು. ಅವಳು ಕೇಳಿದಳು. ನಾನು ಕಾದೆ. ಒಬ್ಬ ವಯಸ್ಸಾದ ನಟಿ, ತಲೆಗೆ ಬಿಳಿ ಬಣ್ಣ, ಆಚೆ ಯಾರೋ ಹಿಡಿದ ದೀಪದ ಬೆಳಕು ಕೆನ್ನೆಯ ಮೇಲೆ. ಇವಳಿಗೆ ಎಣ್ಣೆಯ ವಾಸನೆ ಗೊತ್ತಾಗಬೇಕಿತ್ತಲ್ಲ ಎಂದು ತಲೆಯೊಳಗೆ ಯಾರೋ ಹೇಳಿದರು. ಅಮ್ಮ ಬರಲಿಲ್ಲ. ದೇವರು ಬಂದು ದೀಪ ಹಚ್ಚಿದ, ಕರ್ಪೂರ ಉರಿಯಿತು, ಟೆಂಟಿನವನು ಬಕೆಟ್ಟು ಹಿಡಿದು ಓಡಿದ, ನಾನು ಒಣಗಿದ ಕಣ್ಣಿನಲ್ಲಿ ಎಲ್ಲವನ್ನೂ ಸ್ಪಷ್ಟವಾಗಿ ನೋಡುತ್ತ ಕುಳಿತಿದ್ದೆ. ಹೋದ ಕೆಲಸ ಹೋಯಿತು, ಅದರ ಮಾತು ಬೇಡ. ಬಾಯಿಗೆ ಬಂತೆಂದು ಆಡಿದ ಒಂದು ಮಾತಿನಿಂದ ಆ ಮನುಷ್ಯ ನನ್ನ ಅಳುವನ್ನು ಕೆಡಿಸಿ, ತನ್ನದನ್ನು ಊರೂರಿಗೆ ಹೊತ್ತುಕೊಂಡು ಹೋಗಿ ಅಳುತ್ತಿದ್ದರು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಆಟ ಬಿಟ್ಟ ಮೇಲೆ ತಂಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು. ಓಣಿಯಲ್ಲಿ ಕತ್ತಲೆ. ಕಬ್ಬಿನ ಹಾಲು ಕುದಿಯುವ ವಾಸನೆ ಎಲ್ಲೆಡೆ ತುಂಬಿತ್ತು. ಸ್ವಲ್ಪ ದೂರ ನಡೆದೆವು. ಆಮೇಲೆ, "ಆ ಮುದುಕಿ ಥೇಟ್ ಅಮ್ಮ ಕೇಳಿದಂಗ ಕೇಳ್ತಾಳ, ಅಲ್ಲಣ್ಣ?" ಎಂದಳು.

"ಹೂಂ."

"ಅಮ್ಮ ಹೋದಾಗ ನೀ ಅಳಲೇ ಇಲ್ಲ ಅಂತ ನನಗ ಭಾಳ ಬ್ಯಾಸರಾಗಿತ್ತು. ಇವತ್ತರೆ ನಿನಗ ಅಳು ಬಂತೇನು?"

ಆ ಕತ್ತಲಲ್ಲಿ ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ.

"ಬಂತವ್ವಾ" ಎಂದೆ.